ಬತ್ತಲೆ ಶಾಫ್ಟು

ನೆರೆಮನೆಯ ಹಿರಾನೊ ಹುಲ್ಲು ಕೊಯ್ಯುವ ಯಂತ್ರವನ್ನು ಫಳಫಳ ತೊಳೆದು, ಫುಸಾಕೊಳ ಮನೆಯ ಟ್ರ್ಯಾಕ್ಟರಿಗೆ ಜೋಡಿಸಿಯೇ ಅಂಗಳದಲ್ಲಿ ಬಿಟ್ಟುಹೋಗಿದ್ದ. ಸೀಟಿನ ಮೇಲೆ ಬಿಳಿ ಕಾಗದದಲ್ಲಿ ಸುತ್ತಿದ ಕರಬೂಜದ ಹಣ್ಣು. ಗ್ರೀಸ್ ಗನ್ ಹಿಡಿದು ಬಗ್ಗಿದ ಫುಸಾಕೊ ಹಾಗೇ ನಿಂತಳು. ಟ್ರ್ಯಾಕ್ಟರಿನಿಂದ ಯಂತ್ರಕ್ಕೆ ತಿರುಗುಬಲ ಒಯ್ಯುವ ಉದ್ದನೆಯ ಶಾಫ್ಟು ಬತ್ತಲೆಯಾಗಿತ್ತು. ತಿರುಗುವಾಗ ಕೈ, ಬಟ್ಟೆ ತಗಲದಂತೆ ಹಾಕಿದ್ದ ಅದರ ಪ್ಲಾಸ್ಟಿಕ್ ಕವರನ್ನು ಯಾರೋ ಗರಗಸದಿಂದ ಕೊಯ್ದು ತೆಗೆದಿದ್ದರು. ಯಾರೋ ಏನು ಬಂತು, ಹಿರಾನೊನೇ.

ಮೂರು ಮನೆಯವರು ಸೇರಿ ಕೊಂಡ ಯಂತ್ರ ಅದು. ಬಳಸಿದವರು ತೊಳೆದು ಮುಂದಿನ ಮನೆಗೆ ಮುಟ್ಟಿಸಬೇಕು, ಜೊತೆಗೆ ಏನಾದರೊಂದು ಉಡುಗೊರೆ. ಉಡುಗೊರೆ ತಿಂದ ಮೇಲೆ ಯಾರೂ ತಕರಾರು ಎತ್ತುವಂತಿಲ್ಲ. ಊರಿನ ಈ ಮರ್ಯಾದೆ ಕಂಡರೆ ಫುಸಾಕೊಗೆ ಮೈಯೆಲ್ಲ ಉರಿಯುತ್ತಿತ್ತು.

ಗಂಡ ಕೆಯ್‌ಜೊ ಜಗಳವೆಂದರೆ ಮಾರು ದೂರ ಸರಿಯುವ ಮನುಷ್ಯ. ಬಿಸಿಲು ಇರುವುದೇ ಮೂರು ದಿನ, ಹೊಸ ಕವರು ಬರಲು ವಾರ ಬೇಕು, ಅಷ್ಟರಲ್ಲಿ ಹುಲ್ಲು ಬಲಿತು ಕಡ್ಡಿಯಾದರೆ ಚಳಿಗಾಲದಲ್ಲಿ ಅರವತ್ತು ಹಸುಗಳಿಗೆ ಏನು ಹಾಕುವುದು ಎಂದ. ನಾಳೆ ತಾನೇ ಓಡಿಸುತ್ತೇನೆ, ಹುಷಾರಾಗಿರುತ್ತೇನೆ ಎಂದೂ ಸೇರಿಸಿದ.

"ನೀವು ಹುಷಾರಾಗಿರ್ತೀರ. ಶಾಫ್ಟಿಗೆ ಅದು ಗೊತ್ತಾಗತ್ತಾ?" ಎಂದಳು ಫುಸಾಕೊ. "ನಾನು ಅವರನ್ನ ಕರೆಸ್ತೀನಿ."

"ಹಿರಿಯರು ಕಣೇ. ಆ ಹಿಮಗಾಳೀಲಿ ನಿನ್ನ ಆಸ್ಪತ್ರೆಗೆ ಮುಟ್ಟಿಸಿದೋರು."

"ಅದಕ್ಕೇ ಎದುರಿಗೇ ಹೇಳ್ತೀನಿ. ಇಲ್ದಿದ್ರೆ ಬೆನ್ನ ಹಿಂದೆ ಆಡ್ಕೊಂಡು ಸುಮ್ನಾಗ್ತಿದ್ದೆ."

ಹಿರಾನೊ ನಗುತ್ತಲೇ ಬಂದ. ಅವನ ಗಾಡಿ ನಿಂತದ್ದೇ ತಡ, ಫುಸಾಕೊ ಕರಬೂಜವನ್ನು ಅದರೊಳಗೆ ವಾಪಸು ಇಟ್ಟಳು. ಅವನ ನಗು ಸ್ವಲ್ಪ ಸೊರಗಿತು, ಆದರೆ ಬಾಯಿ ನಿಲ್ಲಲಿಲ್ಲ. ಗ್ರೀಸ್ ಹಾಕುವ ತೂತು ಕವರಿನಡಿ ಅಡಗಿಕೊಳ್ಳುತ್ತದೆ, ಪ್ರತಿಸಲ ಬೆರಳಿನ ಗೆಣ್ಣು ತರಚುತ್ತದೆ, ಈಗ ನೋಡು, ಎಲ್ಲ ಕಣ್ಣೆದುರಿಗೇ ಇದೆ, ಮೂರೂ ಮನೆಗೆ ಉಪಕಾರವೇ ಮಾಡಿದ್ದೇನೆ ಎಂದ. ನಲವತ್ತು ವರ್ಷದಿಂದ ಹುಲ್ಲು ಕೊಯ್ಯುತ್ತಿದ್ದೇನೆ ಎಂದು ಎರಡೂ ಕೈ ಚಾಚಿ ಹತ್ತು ಬೆರಳನ್ನೂ ಕುಣಿಸಿ ತೋರಿಸಿದ. ಫುಸಾಕೊಗೆ ಆ ಬೆರಳುಗಳನ್ನು ಕಂಡು ಇನ್ನಷ್ಟು ಸಿಟ್ಟು ಬಂತು.

"ನಿಮ್ಮ ಜಾಕೆಟ್ ಬಿಚ್ಚಿಕೊಡಿ."

ಮೊಣಕೈ ಹತ್ತಿರ ಹೊಲಿಗೆ ಬಿಟ್ಟಿತ್ತು. ಹೊಲಿದುಕೊಡುತ್ತಾಳೇನೋ ಎಂದುಕೊಂಡು ಅವನು ಬಿಚ್ಚಿಕೊಟ್ಟ. ಅವಳು ಬಟ್ಟೆ ಒಣಗಿಸುವ ಬಿದಿರಿನ ಉದ್ದ ಗಳುವಿನ ತುದಿಗೆ ಅದನ್ನು ನೇತುಹಾಕಿದಳು. ಹಿರಾನೊನನ್ನು ಗೋಡೆಯ ಹತ್ತಿರ ನಿಲ್ಲಿಸಿದಳು. ಗಂಡನನ್ನು ಸೀಟಿನಲ್ಲಿ ಕೂರಿಸಿ, ಶಾಫ್ಟನ್ನು ತೀರ ನಿಧಾನಕ್ಕೆ ತಿರುಗಿಸಿ ಎಂದಳು. ಬೇಡ ಎನ್ನಲು ಬಾಯಿ ತೆರೆದ ಕೆಯ್‌ಜೊ ಅವಳ ಮುಖ ನೋಡಿ ಸುಮ್ಮನೆ ಕೀಲಿ ತಿರುಗಿಸಿದ.

ಶಾಫ್ಟು ಮೆಲ್ಲಗೆ, ಸದ್ದಿಲ್ಲದಂತೆ ತಿರುಗತೊಡಗಿತು. ಆಚೆ ದೂರದಲ್ಲಿ ನಿಂತ ಅವಳು ಗಳುವನ್ನು ಚಾಚಿ ಜಾಕೆಟಿನ ತೋಳಿನ ತುದಿಯನ್ನಷ್ಟೇ ಅದಕ್ಕೆ ಸೋಕಿಸಿದಳು. ರೆಪ್ಪೆ ಬಡಿಯುವುದರೊಳಗೆ ತೋಳು ಹೋಯಿತು, ಬೆನ್ನು ಹೋಯಿತು, ಕೊರಳಪಟ್ಟಿ ಹೋಯಿತು. ಗಳು ಅವಳ ಕೈಯಿಂದ ಕಿತ್ತುಕೊಂಡು ಹೋಗಿ ಎರಡು ತುಂಡಾಗಿ ಬಿತ್ತು.

ಕೆಯ್‌ಜೊ ಎಂಜಿನ್ ನಿಲ್ಲಿಸಿದ. ಇಳಿದು ಬಂದವನು ಯಾರ ಮುಖವನ್ನೂ ನೋಡದೆ ಶಾಫ್ಟನ್ನು ಟ್ರ್ಯಾಕ್ಟರಿನಿಂದ ಕಳಚಲು ಕುಳಿತ. ನಾಳೆ ಕೊಯ್ಲು ನಿಂತರೆ ನಿಲ್ಲಲಿ ಎಂದು ತನ್ನಷ್ಟಕ್ಕೇ ಹೇಳಿಕೊಂಡ.

ಹಿರಾನೊ ಬರೀ ಬನಿಯನ್ನಿನಲ್ಲಿ ತಣ್ಣನೆಯ ಗಾಳಿಗೆ ಮೈ ಹಿಡಿ ಮಾಡಿಕೊಂಡು ನಿಂತಿದ್ದ. ಹಿಂಡಿದ ಬಟ್ಟೆಯಂತೆ ಶಾಫ್ಟಿಗೆ ಬಿಗಿದುಕೊಂಡಿದ್ದ ಜಾಕೆಟಿನಿಂದ ಅವನು ಕಣ್ಣು ಕೀಳಲಿಲ್ಲ.

"ನಮ್ಮನೆಯವಳು ಕೊಡ್ಸಿದ್ದಮ್ಮ ಅದು," ಎಂದ ಕೊನೆಗೆ. "ಈಗ ಅವಳಿಗೆ ಏನಂತ ಹೇಳ್ಲಿ?"

ಫುಸಾಕೊಳ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಜಾಕೆಟ್ ಮಾತ್ರ ಹೋಯ್ತು ಅಂತ ಹೇಳಿ."