ಸಗಣಿ ಬಳಿದ ಬೀಜದ ಮಡಕೆ

ಕುಂಟೆಗೆ ಸಿಕ್ಕಿ ಬಾಡುವ ಎಳೆ ಕಳೆಯ ವಾಸನೆ ಬಂದರೆ ಈಗಲೂ ನನಗೆ ಬಿತ್ತನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಮೊದಲ ಮಳೆಗೇ ಊರವರೆಲ್ಲ ಜೋಳ ಬಿತ್ತಿದ್ದರು. ನಮ್ಮ ಹೊಲದಲ್ಲಿ ಮಾತ್ರ ಬರೀ ಕಳೆ ಹಸಿರಾಗಿತ್ತು. ಬೀಜದ ಮಡಕೆ ಅಪ್ಪನ ಅಕ್ಕ, ನನ್ನ ಅತ್ತೆಯ ವಶದಲ್ಲಿತ್ತು. ಅದರ ಬಾಯಿಗೆ ಬಳಿದ ಸಗಣಿಯನ್ನು ಒಡೆಯಲು ಅವಳು ಒಪ್ಪಿರಲಿಲ್ಲ.

“ಕಳೆ ಎಲ್ಲಾ ಮೊದ್ಲು ಎದ್ದು ಬರ್ಲಿ ತಮ್ಮಾ. ಕುಂಟೆ ಹರಗಿ ಕೊಂದು ಆಮೇಲೆ ಬಿತ್ತಾನ,” ಅನ್ನುತ್ತಿದ್ದಳು. ಅಪ್ಪ ನಂಬಲಿಲ್ಲ. ಅವನು ಮಡಕೆಯನ್ನು ತಟ್ಟಿ ಕಿವಿಗೊಡುವುದನ್ನು ನಾನು ನೋಡಿದ್ದೆ.

ಆ ಮಧ್ಯಾಹ್ನ ಎತ್ತುಗಳು ಕುಂಟೆ ಎಳೆದು ಕಳೆಯನ್ನೆಲ್ಲ ಬುಡಮೇಲು ಮಾಡಿದ್ದವು. ಅತ್ತೆ ಮಡಕೆಯನ್ನು ಬದುವಿಗೆ ತಂದಿಟ್ಟಳು. ಅಪ್ಪ ಕೇಳಿಯೇ ಬಿಟ್ಟ: “ಬೀಜ ಒಳಗೈತಾ ಅಕ್ಕಾ, ಇಲ್ಲ ನಿನ್ನ ಮಗಳ ಮನೆ ಸೇರ್ತಾ?”

ಅತ್ತೆ ಸಗಣಿ ಒಡೆದು, “ಕೈ ಹಾಕಿ ನೋಡು,” ಅಂದಳು. ಅಪ್ಪ ಮೊಣಕೈವರೆಗೂ ಹಾಕಿದ. ತಳದವರೆಗೂ ಜೋಳವೇ ಇತ್ತು.

ಆ ವರ್ಷ ಪಕ್ಕದ ಹೊಲದ ಹೆಂಗಸರು ಬೆನ್ನು ಬಗ್ಗಿಸಿ ಕಳೆ ಕೀಳುತ್ತಿದ್ದಾಗ ನಮ್ಮ ಜೋಳದ ಸಾಲುಗಳ ನಡುವೆ ಬರೀ ಮಣ್ಣು ಕಾಣುತ್ತಿತ್ತು. ಸುಗ್ಗಿ ಮುಗಿದ ಮೇಲೆ ಅತ್ತೆ ಮಡಕೆ ತುಂಬಿ ಅಪ್ಪನನ್ನು ಕರೆದಳು. “ನೋಡಿಬಿಡು ತಮ್ಮಾ.” ಅಪ್ಪ ಬೇಡ ಅಕ್ಕಾ ಅಂದರೂ ಅವಳು ಕೇಳಲಿಲ್ಲ.

ಆಮೇಲೆ ಅವಳು ಬದುಕಿದ್ದಷ್ಟು ವರ್ಷವೂ, ಅಪ್ಪ ಕೈ ಹಾಕಿ ನೋಡದೆ ಆ ಮಡಕೆಗೆ ಸಗಣಿ ಬಳಿಯಲಿಲ್ಲ.