ಹಿರಿತನ

ಯುದ್ಧ ಮುಗಿದು ಕಮ್ಯುನಿಸ್ಟರ ಸರ್ಕಾರ ಬಂದಿತ್ತು. ಅಂದು ಹೊಸ ಸಂಸತ್ತಿನ ಮೊದಲ ದಿನ. ಸದಸ್ಯರಲ್ಲೆಲ್ಲ ಹೆಚ್ಚು ವಯಸ್ಸಾದವರು ಆ ದಿನ ಪೀಠದಲ್ಲಿ ಕೂತು ಮೊದಲ ಮಾತಾಡುವುದು ಆ ದೇಶದ ಹಳೆಯ ಪದ್ಧತಿ. ಈ ಸಲ ಆ ಸರದಿ ವಿರೋಧ ಪಕ್ಷದ ಮುದುಕರೊಬ್ಬರದು. ಅವರ ಪಕ್ಷದಲ್ಲಿ ಮೈಯಲ್ಲಿ ಕಸುವಿದ್ದವರನ್ನೆಲ್ಲ ಸರ್ಕಾರ ಗಣಿಗೆ ಅಟ್ಟಿತ್ತು. ಅವರ ಹೆಸರುಗಳನ್ನು ಪೀಠದಿಂದಲೇ ಒಂದೊಂದಾಗಿ ಓದಿಬಿಡಬೇಕೆಂದು ಮುದುಕರು ಚೀಟಿ ಬರೆದು ಜೇಬಿನಲ್ಲಿಟ್ಟುಕೊಂಡು ಬಂದಿದ್ದರು.

ಬಾಗಿಲಲ್ಲೇ ಅಧಿಕಾರಿಯೊಬ್ಬ ತಡೆದು ಒಂದು ಕಾಗದ ಚಾಚಿದ.

“ನಿಮ್ಮ ಜನನಪತ್ರದಲ್ಲಿ ತಪ್ಪಿತ್ತು, ಯಜಮಾನರೇ. ತಿದ್ದಿದ್ದೀವಿ. ನಿಮಗೀಗ ಐವತ್ತೊಂಬತ್ತು. ಇಲ್ಲೊಂದು ಸಹಿ ಹಾಕಿ.”

“ನನಗೆ ಎಪ್ಪತ್ತೊಂದು ಕಣಯ್ಯಾ! ನನ್ನ ಮಗಳಿಗೇ ನಲವತ್ತೈದಾಯ್ತು!”

“ಅವರು ಸರ್ಕಾರಿ ಶಾಲೇಲಿ ಟೀಚರ್ ಅಲ್ವಾ? ಒಳ್ಳೆ ಕೆಲಸ. ಉಳಿಸ್ಕೊಳ್ಳಲಿ.”

ಪೀಠ ಹೋದರೆ ಹಾಳಾಗಿ ಹೋಗಲಿ, ಒಳಗೆ ಮೂಲೆಯಲ್ಲೊಂದು ಕುರ್ಚಿಯಾದರೂ ಉಳಿಯಿತಲ್ಲ ಎಂದುಕೊಂಡು ಮುದುಕರು ಸಹಿ ಹಾಕಿ, ಸಭಾಂಗಣದ ಕಡೆಗೆ ಹೆಜ್ಜೆ ಇಟ್ಟರು.

ಅಧಿಕಾರಿ ಮೆಲ್ಲಗೆ ತೋಳು ಹಿಡಿದ.

“ಆ ಕಡೆ ಅಲ್ಲ, ಯಜಮಾನರೇ. ಲಾರಿ ಹೊರಗೆ ನಿಂತಿದೆ. ನಿಮ್ಮ ಪಕ್ಷದಲ್ಲಿ ಅರವತ್ತು ತುಂಬದೇ ಇರೋರೆಲ್ಲ ಗಣಿಗೆ ಹೋಗಬೇಕಲ್ವಾ?”