ಕಷ್ಟದ ಲೆಕ್ಕದ ಗೈಡು

ಹೊಸ ಪುಸ್ತಕದ ಅಂಟಿನ ವಾಸನೆ ಬಂದರೆ ಈಗಲೂ ನನಗೆ ನ್ಯಾಮತಿಯ ಆ ಅಂಗಡಿ ನೆನಪಾಗುತ್ತದೆ.

ಹತ್ತನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಗೆ ಗಣಿತದ ಗೈಡು ಕೊಡಿಸಲು ಅವ್ವ ಮೆಕ್ಕೆಜೋಳದ ಹೊಲದಿಂದ ನೇರವಾಗಿ ನನ್ನನ್ನು ಕರೆದುಕೊಂಡು ಬಂದಿದ್ದಳು. ಅಂಗಡಿಯವರು ತೆಳ್ಳನೆಯದೊಂದನ್ನು ಮುಂದಿಟ್ಟರು.

"ಹೆಣ್ಣುಡುಗಿ, ಪಾಸಾದ್ರೆ ಸಾಕಲ್ಲಮ್ಮ. ಇದ್ರಾಗೆ ಕಷ್ಟದ ಲೆಕ್ಕನೇ ಇಲ್ಲ."

ನಾನು ಅದನ್ನು ಹಿಂದಕ್ಕೆ ತಳ್ಳಿದೆ. "ಕಷ್ಟದ ಲೆಕ್ಕ ಇರೋದು ಕೊಡ್ರಿ."

"ಅದು ನಿಂಗೆ ತಿಳಿಯಲ್ಲ."

"ತಿಳಿಯಲ್ಲ ಅಂತಲೇ ಕೇಳ್ತಿರೋದು."

ದೊಡ್ಡವರಿಗೆ ಎದುರು ಮಾತಾಡಿದ್ದಕ್ಕೆ ಅವ್ವ ಬೈಯುತ್ತಾಳೆಂದುಕೊಂಡೆ. ಅವಳು ಸೆರಗಿನ ದೂಳು ಕೊಡವಿ, "ಅವಳು ಕೇಳಿದ್ದು ಕೊಡ್ರಿ" ಎಂದಳು.

ಬಸ್ಸಿನಲ್ಲಿ ಆ ದಪ್ಪ ಗೈಡು ತೆರೆದೆ. ಮೊದಲ ಪುಟವೇ ತಲೆಗೆ ಹತ್ತಲಿಲ್ಲ.

"ತಿಳೀತೇನೆ?" ಅವ್ವ ಕೇಳಿದಳು.

"ಇಲ್ಲ."

"ಮತ್ತೆ ಓದು. ಊರು ಬರಾಕೆ ಇನ್ನೂ ಹೊತ್ತೈತೆ."